ಎಂಟು ಕೋಟಿಯ ಕಾಗದ

“ಅಕ್ಷರ ನಮ್ಮಪ್ಪಂದೇ ಪಾರ್ವತಕ್ಕ. ನಂಬರು ಮಾತ್ರ ಅವರದಲ್ಲ.”

ಮಮತ ಇಷ್ಟೇ ಹೇಳಿದಳು. ಪಾಂಡವಪುರ ಠಾಣೆಯ ಮೇಜಿನ ಮೇಲೆ ನೀಲಿ ಇನ್‌ಲ್ಯಾಂಡ್ ಕಾಗದ ಬಿಚ್ಚಿಕೊಂಡು ಬಿದ್ದಿತ್ತು. ಫ್ಯಾನಿನ ಗಾಳಿಗೆ ಅದರ ಅಂಚು ಏಳುತ್ತಿತ್ತು, ಮಲಗುತ್ತಿತ್ತು. ಹೆಡ್ ಕಾನ್ಸ್‌ಟೇಬಲ್ ಪಾರ್ವತಮ್ಮ ಅದರ ಮೇಲೆ ಸ್ಟಾಂಪ್ ಪ್ಯಾಡು ಇಟ್ಟು ಕನ್ನಡಕ ಏರಿಸಿಕೊಂಡಳು.

ಮಮತಳ ಅಪ್ಪ, ಕ್ಯಾತನಹಳ್ಳಿಯ ಲೆಕ್ಕದ ಮೇಷ್ಟ್ರು ಲಿಂಗಣ್ಣ, ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಸಕ್ಕರೆ ಕಾಯಿಲೆಯ ಮನುಷ್ಯ. ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದ ಮಾತ್ರೆ ಎಂಟು ದಿನದ್ದು.

ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ‘ಮನಸ್ಸಿಗೆ ಬೇಸರವಾಗಿದೆ. ಕಾಶಿಯ ಕಡೆ ಹೊರಟಿದ್ದೇನೆ. ನನ್ನನ್ನು ಹುಡುಕಬೇಡಿ.’ ಮೇಲುಗಡೆ, ಬೇರೆಯವರೆಲ್ಲ ‘ಶ್ರೀ’ ಬರೆಯುವ ಜಾಗದಲ್ಲಿ, ಒಂದು ಸಂಖ್ಯೆ.

84052061.

“ಎಂಟು ಕೋಟಿ ನಲವತ್ತು ಲಕ್ಷ ಚಿಲ್ಲರೆ! ಇಷ್ಟು ದುಡ್ಡಾಗಿದ್ರೆ ನಾನೂ ಕಾಶಿಗೆ ಹೋಗ್ತಿದ್ದೆ” ಅಂದರು ಸಬ್ ಇನ್ಸ್‌ಪೆಕ್ಟರ್ ರಂಗಸ್ವಾಮಿ, ಬಾಗಿಲಲ್ಲೇ ನಿಂತು ಟೋಪಿ ಸರಿಮಾಡಿಕೊಳ್ಳುತ್ತಾ. “ಫೋನ್ ನಂಬರಾ ಅಂತ ನೋಡಿಸ್ದೆ, ಅಲ್ಲ. ಲಾಟ್ರಿ ಟಿಕೀಟಾ ಅಂತ ನೋಡಿಸ್ದೆ, ಅದೂ ಅಲ್ಲ. ವಯಸ್ಸಾದೋರು, ಏನೋ ಗೀಚವ್ರೆ. ಯಾತ್ರೆಗೆ ಹೋದೋರ ಹಿಂದೆ ಜೀಪು ಓಡ್ಸಕ್ಕಾಗಲ್ಲ ಪಾರ್ವತಮ್ಮ. ಸಂಜೆ ಒಳಗೆ ಫೈಲು ಮುಚ್ಬುಡಿ.”

“ಕಾಶಿಗೆ ಹೋಗೋರು ಕಿಕ್ಕೇರೀಲಿ ಯಾಕೆ ಕಾಗದ ಹಾಕಿದ್ರು ಸಾರ್?”

ಅಂಚೆ ಮುದ್ರೆಯ ಮೇಲೆ ಪಾರ್ವತಮ್ಮನ ಬೆರಳಿತ್ತು. ರಂಗಸ್ವಾಮಿ ಅದನ್ನು ನೋಡಿದರು, ಗಡಿಯಾರ ನೋಡಿದರು. “ಸಂಜೆ ಒಳಗೆ” ಎಂದು ಇನ್ನೊಮ್ಮೆ ಹೇಳಿ ಒಳಗೆ ಹೋದರು. ಬಾಗಿಲು ಮಾತ್ರ ತೆರೆದೇ ಇತ್ತು.

ಪಾರ್ವತಮ್ಮ ಕುರ್ಚಿಯನ್ನು ಮಮತಳ ಹತ್ತಿರಕ್ಕೆ ಎಳೆದುಕೊಂಡಳು. “ನಂಬರು ಸರಿಯಿಲ್ಲ ಅಂದ್ಯಲ್ಲ ಮಗ. ಬುಡಿಸಿ ಹೇಳು.”

ಮಮತ ಬಟ್ಟೆಚೀಲದಿಂದ ಕಾಗದಗಳ ದೊಡ್ಡ ಕಟ್ಟು ತೆಗೆದಳು. ನಾಗಮಂಗಲದಲ್ಲಿ ಅವಳು ಪ್ರೈಮರಿ ಶಾಲೆಯ ಟೀಚರು. ಗಟ್ಟಿ ಹೆಣ್ಣು. ದಾರದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

“ನಾನು ಮೈಸೂರು ಹಾಸ್ಟೆಲ್ ಸೇರಿದಾಗಿಂದ ಅಪ್ಪ ಕಾಗದಕ್ಕೆ ನಂಬರು ಹಾಕೋರು. ಒಂದು, ಎರಡು, ಮೂರು ಅಂತಲ್ಲ. ಅವಿಭಾಜ್ಯ ಸಂಖ್ಯೆ. ಒಂದರಿಂದ, ತನ್ನಿಂದ ಬಿಟ್ರೆ ಇನ್ಯಾತರಿಂದಲೂ ಭಾಗ ಹೋಗಬಾರ್ದು, ಅಂಥದ್ದು. ಮೊದಲ್ನೇ ಕಾಗದ ಎರಡು. ಆಮೇಲೆ ಮೂರು, ಐದು, ಏಳು, ಹನ್ನೊಂದು... ಹನ್ನೊಂದು ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ‘ಶ್ರೀ ಬರೆದ್ರೆ ದೇವರು ನೋಡ್ಕತಾನೆ, ಇದನ್ನ ಬರೆದ್ರೆ ನನ್ನ ಮಗಳು ನೋಡ್ಕತಾಳೆ’ ಅನ್ನೋರು.”

“ಬೇರೆ ಮಾವಂದಿರು ಅಳಿಯಂಗೆ ವಾಚು, ಉಂಗುರ ಕೊಟ್ರು ಮೇಡಂ. ನಮ್ಮ ಮಾವ ಮಗ್ಗಿ ಪುಸ್ತಕ ಕೊಟ್ರು” ಎಂದು ನಕ್ಕ ಮಮತಳ ಗಂಡ ತಿಮ್ಮೇಶ. ಮೂರು ಲೋಟ ಟೀ ಹಿಡಿದು ಆಗಷ್ಟೇ ಒಳಗೆ ಬಂದಿದ್ದ. ನಾಗಮಂಗಲದಲ್ಲಿ ಅವನದು ಜೆರಾಕ್ಸ್ ಅಂಗಡಿ. ಒಂಬತ್ತು ದಿನದಿಂದ ಅಂಗಡಿಗೆ ಬೀಗ ಹಾಕಿ ಹೆಂಡತಿಯ ಬೆನ್ನಿಗೇ ನಿಂತಿದ್ದ. ಅಂಥ ಅಳಿಯ ಎಷ್ಟು ಜನಕ್ಕೆ ಸಿಕ್ಕುತ್ತಾನೆ ಅಂದುಕೊಂಡಿದ್ದಳು ಪಾರ್ವತಮ್ಮ. ಲೋಟ ಇಡುವಾಗ ಅವನ ಉಗುರಿನ ಸಂದಿಯ ಕಪ್ಪು ಶಾಯಿ ಕಂಡಿತು. ಕಸುಬಿನ ಕೈ.

“ಹೋದ ತಿಂಗಳು ಬಂದದ್ದು 857. ಅದಾದ ಮೇಲಿನ ಅವಿಭಾಜ್ಯ 859. ಇದರ ಮೇಲೆ 859 ಇರಬೇಕಿತ್ತು ಅಕ್ಕ.”

“ಎಲ್ಲಾ ಕಾಗದವೂ ಇಲ್ಲೇ ಅವ್ಯಾ?”

“ಒಂದು ಬಿಟ್ಟು. 853 ಬರಲೇ ಇಲ್ಲ, ಅಂಚೇಲಿ ಕಳೆದೋಯ್ತು.”

“ಅಂಚೆ ಕತೆ ಗೊತ್ತಲ್ಲ” ಅಂದ ತಿಮ್ಮೇಶ, ಟೀ ಊದುತ್ತಾ.

ಪಾರ್ವತಮ್ಮ ಕಾಗದವನ್ನು ಬೆಳಕಿಗೆ ಹಿಡಿದಳು. ಅಂಕಿಗಳು ದುಂಡಗೆ, ಒಂದೇ ಸಮ. ಹೆದರಿದವನ ಕೈ ಅಲ್ಲ. ಹನ್ನೊಂದು ವರ್ಷ ತಪ್ಪದವನು ಒಂದು ದಿನ ತಪ್ಪಿದರೆ ಅದು ತಪ್ಪೋ, ಬೇಕೆಂದೇ ಮಾಡಿದ್ದೋ?

“ಇದು ಅವಿಭಾಜ್ಯವಾ, ಅಲ್ಲವಾ? ಮೊದಲು ಅದು ಹೇಳು.”

ಮಮತ ನೋಟ್ ಪುಸ್ತಕ ತೆರೆದಳು. ಬೆಸ ಸಂಖ್ಯೆ, ಎರಡರಿಂದ ಹೋಗದು. ಅಂಕಿಗಳನ್ನೆಲ್ಲ ಕೂಡಿದರೆ ಇಪ್ಪತ್ತಾರು, ಮೂರರಿಂದಲೂ ಹೋಗದು. ಕೊನೆಯಲ್ಲಿ ಐದೂ ಇಲ್ಲ, ಸೊನ್ನೆಯೂ ಇಲ್ಲ. ವರ್ಗ ಸಂಖ್ಯೆಯೋ ಎಂದರೆ ಅದೂ ಅಲ್ಲ. 9168ರ ವರ್ಗಕ್ಕೆ ನೂರ ಅರವತ್ತಮೂರು ಕಡಿಮೆ. ಏಳು, ಹನ್ನೊಂದು, ಹದಿಮೂರು, ಹದಿನೇಳು. ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಒಂದೊಂದನ್ನೇ ಹಾಕಿ ನೋಡುತ್ತಾ ಹೋದಳು. ಪುಟ ತುಂಬಿತು. ಟೀ ಆರಿ ಕೆನೆ ಕಟ್ಟಿತು.

ಅಷ್ಟರಲ್ಲಿ ಪಾರ್ವತಮ್ಮ ತನ್ನ ಡೈರಿಯಿಂದ ಇನ್ನೊಂದು ಚೀಟಿ ತೆಗೆದಿಟ್ಟುಕೊಂಡಳು. ಮೇಷ್ಟ್ರ ಮನೆಯಲ್ಲಿ, ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಲ್ಲಿ ಮೊನ್ನೆ ಸಿಕ್ಕಿದ್ದು. ‘ಉತ್ತರ ಪತ್ರಿಕೆ ಹತ್ತೊಂಬತ್ತು. ತಪ್ಪು ಒಂದೇ. 391.’ ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಹೋಗಿದ್ದ ಮೇಷ್ಟ್ರು ಬರೆದುಕೊಂಡದ್ದು.

“391ರಲ್ಲಿ ಎಂಥ ತಪ್ಪು ಮಾಡ್ಬೌದು?”

ತಲೆ ಎತ್ತದೆ ಮಮತ ಹೇಳಿದಳು: “ಅವಿಭಾಜ್ಯ ಅಂತ ಬರೀಬೌದು. ಅವಸರದೋರು ಹದಿಮೂರವರೆಗೆ ನೋಡಿ ಬುಟ್ಬುಡ್ತಾರೆ. ಹತ್ತೊಂಬತ್ತರವರೆಗೂ ನೋಡ್ಬೇಕು. ಹದಿನೇಳು ಇಪ್ಪತ್ಮೂರ್ಲೆ ಮುನ್ನೂರ ತೊಂಬತ್ತೊಂದು.”

“ಹತ್ತೊಂಬತ್ತು ಮಕ್ಕಳು ಒಟ್ಟಿಗೇ ಬುಟ್ಬುಡ್ತಾರಾ?”

ಪೆನ್ಸಿಲು ನಿಂತಿತು. “ಇಲ್ಲ... ಯಾರೋ ಮೊದಲೇ ತಪ್ಪು ಉತ್ತರ ಬರೆದು ಹಂಚಿದ್ರೆ ಮಾತ್ರ. ಅಂದ್ರೆ ಪ್ರಶ್ನೆಪತ್ರಿಕೆ ಮೊದಲೇ...”

“ಹ್ಞೂಂ. ನೀನು ಭಾಗಾಕಾರ ಮಾಡು.”

ಹನ್ನೊಂದೂವರೆಗೆ ಮಮತ ಕೂತಲ್ಲೇ ನೆಟ್ಟಗಾದಳು.

“ಹೋಯ್ತು ಅಕ್ಕ! 211ರಿಂದ ಶೇಷವಿಲ್ಲದಂಗೆ ಹೋಯ್ತು. ಭಾಗಲಬ್ಧ 3,98,351.”

211ರ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಎಳೆದಳು. ಆಮೇಲೆ ಕಟ್ಟಿನೊಳಕ್ಕೆ ಕೈ ಹಾಕಿ ಸರಸರ ಹುಡುಕಿ ಒಂದು ಹಳೆಯ ಕಾಗದ ಎಳೆದಳು. ಮೂಲೆಯಲ್ಲಿ ಅದೇ ದುಂಡಗಿನ ಕೈಯಲ್ಲಿ 211.

“ಅಪ್ಪ ಕಾಗದಗಳ ನಂಬರನ್ನೇ ಗುಣಿಸಿ ಬರೆದವ್ರೆ! ಯಾವ ಕಾಗದ ತೆಗೆದು ನೋಡು ಅಂತ ಹೇಳ್ತಾವ್ರೆ!”

ತೊಂಬತ್ತರ ಕಾಗದ ಅದು. ‘ಮಗು, ನಿನ್ನೆ ಅಕ್ಕಿಹೆಬ್ಬಾಳಿಗೆ ಹೋಗಿದ್ದೆ. ರೈಲ್ವೆ ಸ್ಟೇಷನ್ನಿನ ಹಿಂದಿನ ಅಕ್ಕಿ ಮಿಲ್ಲು ಮುಚ್ಚಿದೆ. ನೀನು ಚಿಕ್ಕವಳಿದ್ದಾಗ ತೌಡಿನ ರಾಶಿಯ ಮೇಲೆ ಜಾರುತ್ತಿದ್ದೆಯಲ್ಲ, ಆ ಕೋಣೆಯಲ್ಲಿ ಈಗ ಬಾವಲಿ ಸೇರಿಕೊಂಡಿವೆ...’

ಪಾರ್ವತಮ್ಮ ಎದ್ದಳು. ಒಳಗಿನಿಂದ ರಂಗಸ್ವಾಮಿಯವರ ದನಿ ಬಂತು. “ಅಕ್ಕಿಹೆಬ್ಬಾಳು ನಮ್ಮ ಸರಹದ್ದಲ್ಲ. ಹೋಗೋದಾದ್ರೆ ನಿಮ್ಮ ಜವಾಬ್ದಾರಿ. ಜೀಪು ಇಲ್ಲ.”

ಎಲ್ಲ ಕೇಳಿಸಿಕೊಂಡಿದ್ದಾರೆ ಹಾಗಾದರೆ.

“ನನ್ನ ವ್ಯಾನು ಐತಲ್ಲ, ನಡೀರಿ” ಅಂದ ತಿಮ್ಮೇಶ.

* * *

ಮಾರುತಿ ವ್ಯಾನಿನ ಹಿಂಬಾಗಿಲನ್ನು ತಿಮ್ಮೇಶನೇ ಜಗ್ಗಿ ತೆರೆದು, ಹೆಂಗಸರಿಬ್ಬರನ್ನೂ ಕೂರಿಸಿ, ದಡಾರನೆ ಎಳೆದು ಹಾಕಿದ. “ಒಳಗಡೆ ಹಿಡಿ ಮುರಿದೋಗದೆ ಮೇಡಂ. ಇಳಿಯೋದಾದ್ರೆ ನಾನೇ ಬಂದು ತೆಗೀಬೇಕು. ರಾಜರ ಮರ್ಯಾದೆ!”

ವ್ಯಾನಿನೊಳಗೆ ಎಂಥದೋ ವಾಸನೆ. ಸೀಮೆಎಣ್ಣೆಯೂ ಅಲ್ಲ, ಬಣ್ಣವೂ ಅಲ್ಲ. ಎರಡೂ ಬೆರೆತಂಥದ್ದು.

ಮಮತ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು 3,98,351ಕ್ಕೆ ಕೈ ಹಚ್ಚಿದಳು. ಅಷ್ಟು ದೊಡ್ಡ ನಂಬರಿನ ಕಾಗದ ಇಲ್ಲವೇ ಇಲ್ಲವಲ್ಲ, ಅದು ಇನ್ನೂ ಒಡೆಯಲೇಬೇಕು. 223, 227, 229. ರಸ್ತೆಯ ಗುಂಡಿಗೆ ಪೆನ್ಸಿಲು ಹಾರಿದಾಗಲೆಲ್ಲ ಮತ್ತೆ ಮೊದಲಿಂದ ಹಾಕುತ್ತಿದ್ದಳು. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು.

ಚಿನಕುರಳಿಯಲ್ಲಿ ತಿಮ್ಮೇಶ ವ್ಯಾನು ನಿಲ್ಲಿಸಿದ. “ಅಂಗಡಿ ಪಕ್ಕದೋರ್ಗೆ ಒಂದು ಫೋನ್ ಮಾಡ್ಬುಟ್ಟು ಬತ್ತೀನಿ, ಪಾರ್ಸಲ್ ಬರೋದದೆ.” ಎಸ್‌ಟಿಡಿ ಬೂತಿನಲ್ಲಿ ಎರಡು ನಿಮಿಷ. ಬರುವಾಗ ಹೆಂಡತಿಗೆ ಸೌತೆಕಾಯಿ ಹಿಡಿದು ತಂದ. “ತಿನ್ನು. ಬೆಳಗ್ಗಿಂದ ಹೊಟ್ಟೆಗೆ ಏನೂ ಹಾಕಿಲ್ಲ ನೀನು.”

* * *

ಮಿಲ್ಲಿನ ಮುಂದೆ ಅಣ್ಣಮ್ಮನ ಟೀ ಅಂಗಡಿ. ಮಿಲ್ಲಿನ ಬಾಗಿಲಿಗೆ ಹೊಸ ಬೀಗ. ಕಾಲು ಚಾಚಿ ಬೆಂಚಿನ ಮೇಲೆ ಕೂತು ಬೋಂಡ ತಿನ್ನುತ್ತಿದ್ದವನು ಖಾಕಿ ಕಂಡದ್ದೇ ಎದ್ದು ನಿಂತ. ಕೆ.ಆರ್. ಪೇಟೆಯಲ್ಲಿ ಟ್ಯುಟೋರಿಯಲ್ ನಡೆಸುವ ದೇವರಾಜು. ಗರಿಗರಿ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

ಮಮತ ಲೆಕ್ಕ ಬಿಡಲಿಲ್ಲ. ವ್ಯಾನಿನಲ್ಲೇ ಕೂತಳು. ತಿಮ್ಮೇಶ ಇಂಜಿನ್ನು ಆರಿಸಿ ಸ್ಟಿಯರಿಂಗ್ ಹಿಡಿದೇ ಕೂತ.

“ಮಿಲ್ಲು ನಂದೇ, ಬಾಡಿಗೆಗೆ ತಗಂಡಿವ್ನಿ. ಮಕ್ಕಳಿಗೆ ಹಾಸ್ಟೆಲ್ ಮಾಡವ ಅಂತ” ಅಂದ ದೇವರಾಜು, ಕೇಳುವ ಮೊದಲೇ.

“ಒಳ್ಳೇ ಕೆಲಸ. ಬೀಗ ತೆಗೀರಿ, ನೋಡವ.”

“ಏನೈತೆ ಒಳಗೆ? ಬಾವಲಿ.”

“ನಂಗೆ ಬಾವಲಿ ಅಂದ್ರೆ ಭಾರಿ ಇಷ್ಟ ಮೇಷ್ಟ್ರೆ.”

ಅಣ್ಣಮ್ಮ ಒಲೆಯ ಹಿಂದಿನಿಂದ ಕಿಸಕ್ಕನೆ ನಕ್ಕಳು. ಬೇರೆ ದಾರಿಯಿಲ್ಲದೆ ದೇವರಾಜು ಬೀಗ ತೆಗೆದ.

ತೌಡಿನ ಕೋಣೆಯಲ್ಲಿ ಒಂದು ಚಾಪೆ. ಅಲ್ಯೂಮಿನಿಯಂ ತಟ್ಟೆಯಲ್ಲಿ ಅರ್ಧ ಮುರಿದ ಮುದ್ದೆ. ಪಾರ್ವತಮ್ಮ ಬೆರಳಿಂದ ಒತ್ತಿ ನೋಡಿದಳು. ಒಳಗೆ ಇನ್ನೂ ಬಿಸಿಯಿತ್ತು. ಪಕ್ಕದಲ್ಲಿ ಮಾತ್ರೆಯ ಖಾಲಿ ಪಟ್ಟಿ. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡಳು.

ಚಾಪೆ ಎತ್ತಿದಳು. ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಬಿಚ್ಚಿ ನೋಡಿ, ಮತ್ತೆ ಮಡಿಸಿ ಅಂಗೈಯಲ್ಲಿ ಇಟ್ಟುಕೊಂಡಳು. ತಿರುಗಿದಾಗ ಮುಖದಲ್ಲಿ ಏನೂ ಇರಲಿಲ್ಲ.

“ಯಾರು ಮಲಗ್ತಿದ್ರು ಇಲ್ಲಿ?”

“ಕಾವಲುಗಾರ.”

“ಲಿಂಗಣ್ಣ ಮೇಷ್ಟ್ರು ಗೊತ್ತಾ ನಿಮಗೆ?”

“ಗೊತ್ತಿಲ್ದೆ ಏನು? ನಂಗೆ ಪಾಠ ಹೇಳಿದೋರು. ನೋಡಿ ಒಂದು ವರ್ಷ ಆಯ್ತು.”

“ಅಂಗಾ.” ಪಾರ್ವತಮ್ಮ ಸೆರಗಿಲ್ಲದ ಖಾಕಿ ಅಂಗಿಯ ತೋಳಿನಲ್ಲೇ ಹಣೆ ಒರೆಸಿಕೊಂಡಳು. “ಅದಿರ್ಲಿ. ನೀವು ಲೆಕ್ಕದೋರು, ಒಂದು ಉಪಕಾರ ಮಾಡಿ. ನಮ್ಮ ಮನೇಲಿ ಹುಡುಗಿ ಒಂದವ್ಳೆ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇದೊಂದು ಪ್ರಶ್ನೆ ಹಿಡ್ಕಂಡು ನನ್ನ ಪ್ರಾಣ ತಿಂತಾವ್ಳೆ. 391 ಎಂಥ ಸಂಖ್ಯೆ?”

ಪೊಲೀಸರ ಮುಂದೆ ಬೆವರುತ್ತಿದ್ದ ಮನುಷ್ಯನಿಗೆ ಪಾಠದ ಮಾತು ಬಂದದ್ದೇ ಉಸಿರು ಮರಳಿತು. ಎದೆ ಸ್ವಲ್ಪ ಮುಂದೆ ಬಂತು.

“ಅಷ್ಟೇನಾ? ಅವಿಭಾಜ್ಯ. ಮೂರು, ಏಳು, ಹನ್ನೊಂದು, ಹದಿಮೂರು, ಯಾವುದ್ರಿಂದ್ಲೂ ಹೋಗಲ್ಲ. ಕಣ್ಮುಚ್ಕಂಡು ಬರೀ ಅನ್ನಿ.”

“ಹದಿನೇಳು?”

“ಹದಿನೇಳು...”

ದೇವರಾಜುವಿನ ತುಟಿ ಅಲ್ಲಾಡತೊಡಗಿತು. ಹದಿನೇಳು ಇಪ್ಪತ್ಲೆ ಮುನ್ನೂರ ನಲವತ್ತು. ಹದಿನೇಳು ಮೂರ್ಲೆ ಐವತ್ತೊಂದು. ತುಟಿ ನಿಂತಿತು. ಅವನ ಬಣ್ಣ ಇಳಿದುಹೋದದ್ದು ಆ ಮಬ್ಬಿನಲ್ಲೂ ಕಂಡಿತು.

ಪಾರ್ವತಮ್ಮ ಅಂಗೈ ತೆರೆದಳು. ಶಾಯಿ ಯಂತ್ರದಲ್ಲಿ ನಕಲು ತೆಗೆದ ಸೈಕ್ಲೋಸ್ಟೈಲ್ ಹಾಳೆ. ಪ್ರಶ್ನೆಗಳು, ಅವುಗಳ ಕೆಳಗೆ ಉತ್ತರಗಳು. ಏಳನೆಯ ಉತ್ತರ: ‘391 ಅವಿಭಾಜ್ಯ ಸಂಖ್ಯೆ’. ಅದರ ಮೇಲೆ ಇದ್ದಲಿನಿಂದ ಒಂದು ಅಡ್ಡ ಗೀಟು; ಪಕ್ಕದಲ್ಲಿ ದುಂಡಗೆ, ‘17 × 23. ಸೊನ್ನೆ ಅಂಕ.’

ಕೂಡಿಹಾಕಿದ ಕೋಣೆಯಲ್ಲೂ ಮೇಷ್ಟ್ರು ತಪ್ಪು ತಿದ್ದುವುದನ್ನು ಬಿಟ್ಟಿರಲಿಲ್ಲ.

“ಒಂದು ವರ್ಷದಿಂದ ನೋಡಿಲ್ಲ ಅಂದ್ಯಲ್ಲ! ನಿಂಗೆ ಹೋದ ವಾರ ಮಾರ್ಕ್ಸ್ ಹಾಕವ್ರಲ್ಲಪ್ಪ.” ಬಹುವಚನ ಬಿದ್ದುಹೋಗಿತ್ತು. “ಎಲ್ಲವ್ರೆ ಮೇಷ್ಟ್ರು?”

“ನಂಗೊತ್ತಿಲ್ಲ...”

“ಮಾತ್ರೆ ಮುಗಿದದೆ. ಆ ಮುದುಕನ ಜೀವಕ್ಕೆ ಏನಾದ್ರೂ ಆದ್ರೆ ಪ್ರಶ್ನೆಪತ್ರಿಕೆ ಕೇಸಲ್ಲ, ಕೊಲೆ ಕೇಸು. ಪಾಠ ಹೇಳಿದ ಗುರು ಕಣ್ಲಾ ಅವರು!”

ದೇವರಾಜು ಗೋಡೆಗೆ ಒರಗಿ ಹಾಗೇ ಕುಸಿದ. “ಸಾಯ್ಸೋ ಮಾತೇ ಇರ್ಲಿಲ್ಲ ಅಮ್ಮಾರೆ. ರಿಸಲ್ಟ್ ಬರೋವರ್ಗೂ ಇಟ್ಕಳವ ಅಂದಿದ್ದು. ಈಗ ಒಂದ್ಗಂಟೆ ಹಿಂದೆ ಟೆಂಪೋದಲ್ಲಿ ಕಿಕ್ಕೇರಿ ಕಡೆ ಸಾಗಿಸ್ಬುಟ್ರು. ಫೋನು ಬಂತು.”

“ಯಾರ ಫೋನು?”

ಅವನು ಬಾಯಿ ತೆರೆದ. ಅವನ ಕಣ್ಣು ಪಾರ್ವತಮ್ಮನ ಭುಜ ದಾಟಿ, ಬಾಗಿಲಾಚೆಯ ಬಿಸಿಲಿಗೆ ಹೋಯಿತು. ಬಾಯಿ ಮುಚ್ಚಿಕೊಂಡ. ಆಮೇಲೆ ಎಷ್ಟು ಗದರಿದರೂ ತೆರೆಯಲಿಲ್ಲ.

ಹೊರಗೆ ಅಣ್ಣಮ್ಮ ಟೀ ಸೋಸುತ್ತಿದ್ದಳು. “ನನ್ನಂಗ್ಡಿ ಫೋನ್ಗೇ ಕಣವ್ವ ಬಂದಿದ್ದು. ಯಾರೋ ಗಂಡಸು, ‘ದೇವರಾಜುನ ಕರೀರಿ’ ಅಂದ. ಈವಯ್ಯ ಎದ್ದು ಓಡಿದ್ದು ನೋಡ್ಬೇಕಿತ್ತು, ಪಂಚೆ ಉದುರೋದು ಒಂದು ಬಾಕಿ.”

ಅಕ್ಕಿಹೆಬ್ಬಾಳಿನ ಮಾತು ತಿಳಿದಿದ್ದವರು ಠಾಣೆಯಲ್ಲಿ ಇದ್ದವರು ಮಾತ್ರ. ಪಾರ್ವತಮ್ಮನ ಕಣ್ಣ ಮುಂದೆ ತೆರೆದ ಬಾಗಿಲು ಬಂತು, ಗಡಿಯಾರ ನೋಡುತ್ತಿದ್ದ ರಂಗಸ್ವಾಮಿ ಬಂದರು. ‘ಸಂಜೆ ಒಳಗೆ ಮುಚ್ಬುಡಿ.’ ಇಪ್ಪತ್ತು ವರ್ಷ ಸೆಲ್ಯೂಟ್ ಹೊಡೆದ ಇಲಾಖೆಯ ಮೇಲೆ ಅನುಮಾನ ಪಡುವುದೆಂದರೆ ಸ್ವಂತ ಮನೆಯ ತೊಲೆ ಅಲುಗಾಡಿಸಿ ನೋಡಿದ ಹಾಗೆ. ಆದರೂ ಅವಳು ಪಾಂಡವಪುರಕ್ಕೆ ಫೋನು ಮಾಡಲಿಲ್ಲ. ರೈಲ್ವೆ ಸ್ಟೇಷನ್ನಿನಿಂದ ಕೆ.ಆರ್. ಪೇಟೆ ಠಾಣೆಗೆ ತಿಳಿಸಿ, ಅವರು ಬರುವವರೆಗೆ ದೇವರಾಜುವನ್ನು ಅಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಚಿಕ್ಕಸ್ವಾಮಿಯ ಕಾವಲಿಗೆ ಬಿಟ್ಟಳು.

“ಕಿಕ್ಕೇರಿಗೆ ನಡಿ ತಿಮ್ಮೇಶ. ಬೇಗ!”

ಹಿಂಬಾಗಿಲು ದಡಾರನೆ ಬಿತ್ತು. ವ್ಯಾನು ಹೊರಟಿತು.

ಆಗ ಪಾರ್ವತಮ್ಮನ ಮೂಗಿಗೆ ಆ ವಾಸನೆ ಮತ್ತೆ ಬಡಿಯಿತು. ಸೀಮೆಎಣ್ಣೆಯೂ ಅಲ್ಲ, ಬಣ್ಣವೂ ಅಲ್ಲ. ಅಂಗೈಯಲ್ಲಿದ್ದ ಹಾಳೆಯನ್ನು ಮೂಗಿನ ಹತ್ತಿರ ತಂದಳು. ಅದೇ ವಾಸನೆ. ಸೈಕ್ಲೋಸ್ಟೈಲ್ ಶಾಯಿ.

ಮೊಣಕೈಗೆ ಏನೋ ತಾಕಿತು. ಮಮತ ಪುಸ್ತಕವನ್ನು ಅವಳ ತೊಡೆಯ ಮೇಲಕ್ಕೆ ಸರಿಸಿದ್ದಳು. ಮಮತಳ ಮುಖ ಮುಂದಕ್ಕೇ ಇತ್ತು, ಸುಣ್ಣದಂತೆ ಬೆಳ್ಳಗಾಗಿತ್ತು.

ಪುಟದ ತುಂಬ ಭಾಗಾಕಾರ. ಕಟ್ಟಕಡೆಗೆ ಒಂದು ಸಾಲು, ಅಡಿಗೆರೆ ಎಳೆದದ್ದು.

84052061 = 211 × 467 × 853.

467ರ ಕಾಗದ ಪುಸ್ತಕದೊಳಗೇ ತೆರೆದಿತ್ತು. ‘ನನ್ನ ಶಿಷ್ಯ ದೇವರಾಜು ಟ್ಯುಟೋರಿಯಲ್ ತೆರೆದಿದ್ದಾನೆ...’ ಜಾಗ ಒಂದು, ಆಸಾಮಿ ಒಂದು. ಮೂರನೆಯದು 853. ಬರಲೇ ಇಲ್ಲದ ಕಾಗದ. ಅದರ ಪಕ್ಕ ಮಮತ ಸಣ್ಣಗೆ ಬರೆದಿದ್ದಳು:

‘857ರಲ್ಲಿ ಅಪ್ಪ ಕೇಳಿದ್ದರು, ಹಿಂದಿನ ಕಾಗದದ ವಿಷಯಕ್ಕೆ ನಿನ್ನ ಉತ್ತರವೇನು ಅಂತ. ಆ ಕಾಗದ ಬಂದಿಲ್ಲ ಅಂತ ಬರೆದೆ. ಅಂಚೆಗೆ ಹಾಕಲು ಇವರ ಕೈಗೆ ಕೊಟ್ಟೆ. ಮನೆಗೆ ಬರುವ ಅಂಚೆ ಇಸಿದುಕೊಳ್ಳುವವರೂ ಇವರೇ.’

ಪಾರ್ವತಮ್ಮ ನಿಧಾನವಾಗಿ ಪುಸ್ತಕ ಮುಚ್ಚಿದಳು. ಚಿನಕುರಳಿಯ ಬೂತು. ಎರಡು ನಿಮಿಷ. ಒಂದು ಸೌತೆಕಾಯಿ.

“ಏನಾಯ್ತೇ ಮಮತ, ಲೆಕ್ಕ?” ಕನ್ನಡಿಯಲ್ಲಿ ತಿಮ್ಮೇಶನ ಕಣ್ಣು. ದನಿಯಲ್ಲಿ ಎಂದಿನ ಅಕ್ಕರೆಯೇ ಇತ್ತು.

“ಅಲ್ಲಿಗೇ ನಿಂತೋಯ್ತು ಕಣ್ರೀ.” ಮಮತ ಪೆನ್ಸಿಲನ್ನು ಚೀಲಕ್ಕೆ ಹಾಕಿದಳು. “211 ಆದ್ಮೇಲೆ ಉಳಿದದ್ದು ಒಡೀಲೇ ಇಲ್ಲ. 3,98,351 ಅವಿಭಾಜ್ಯ.”

“ಅಂಗಾ.”

ವ್ಯಾನು ಒಂದು ತಿರುವು ದಾಟಿತು. ಬಲಕ್ಕೆ ಕಿಕ್ಕೇರಿಯ ಡಾಂಬರು ರಸ್ತೆ ಬಂತು. ವ್ಯಾನು ಅದನ್ನು ಬಿಟ್ಟು, ಎಡಕ್ಕೆ, ಹೇಮಾವತಿ ಹೊಳೆಯ ಕಡೆ ಇಳಿಯುವ ಮಣ್ಣುದಾರಿಗೆ ಹೊರಳಿತು. ಎರಡೂ ಕಡೆ ಆಳೆತ್ತರದ ಕಬ್ಬು.

“ನಾನೇನೋ ಲೆಕ್ಕದಲ್ಲಿ ದಡ್ಡ” ಅಂದ ತಿಮ್ಮೇಶ, ಗೇರು ಇಳಿಸುತ್ತಾ. “ಆದ್ರೂ ಒಂದು ಮಾತು ಕೇಳ್ತೀನಿ ಹೇಳು. ಆ ಮೂರು ಲಕ್ಷದ ತೊಂಬತ್ತೆಂಟು ಸಾವಿರದ ನಂಬರಿನ ಕಾಗದ ನಿಮ್ಮಪ್ಪ ಯಾವತ್ತು ಬರೆದ್ರು?”

ಪಾರ್ವತಮ್ಮನ ಕೈ ತಾನಾಗಿ ಬಾಗಿಲಿನ ಮೇಲೆ ಹರಿದಾಡಿ ಹಿಡಿಯನ್ನು ಹುಡುಕಿತು. ಬೆರಳಿಗೆ ಸಿಕ್ಕಿದ್ದು ಎರಡು ಖಾಲಿ ತೂತು.